ಅಕ್ಕನ ಕಡೆಯ ತಗಡು

ನಮ್ಮ ಜೀಪಿಗೆ ಎಡಗಡೆ ಬಾಗಿಲೇ ಇಲ್ಲ. ಬಾಗಿಲು ಇರಬೇಕಾದ ಜಾಗದಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ತಗಡು, ಅದರ ಮಧ್ಯೆ ಒಂದು ಕಿಟಕಿ. ಎಡಗಡೆ ಕೂರುವವರು ಬಲಗಡೆಯಿಂದ ಹತ್ತಿ, ಗೇರಿನ ಕೋಲು ದಾಟಿ, ಆ ಕಡೆಗೆ ಸರಿದುಕೊಳ್ಳಬೇಕು. ಹೀಗೆ ಮಾಡಿಸಿದವನು ನಾನೇ. ಕೊರಟಗೆರೆಯಲ್ಲಿ ನನ್ನದೊಂದು ಪೈಪಿನ ಅಂಗಡಿ ಇದೆ. ತೋವಿನಕೆರೆ ಕಡೆ ತೋಟಗಳಿಗೆ ಡ್ರಿಪ್ ಪೈಪು ಸಾಗಿಸಲು ಈ ಹಳೇ ಜೀಪು ಕೊಂಡಾಗ ಅದಕ್ಕೆ ಮೈಮೇಲೆ ಏನೂ ಇರಲಿಲ್ಲ. ಶಿರಾದ ಶೆಡ್ಡಿನಲ್ಲಿ ತಗಡಿನ ಕ್ಯಾಬಿನ್ ಕಟ್ಟಿಸುವಾಗ ಮೇಸ್ತ್ರಿ, "ಭಾಯ್, ಲೆಫ್ಟಿಗೆ ಬಾಗ್ಲು?" ಎಂದು ಕೇಳಿದ್ದ. ಬಾಗಿಲು ಎಂದರೆ ಅದು ಓಡುವಾಗ ತೆರೆದುಕೊಳ್ಳಬಹುದು, ತೆರೆದುಕೊಂಡರೆ ಪಕ್ಕದಲ್ಲಿ ಕೂತವರು ಬೀಳಬಹುದು, ಬಿದ್ದರೆ ಹಿಂದಿನಿಂದ ಬಸ್ಸು ಬರಬಹುದು. ಇಷ್ಟನ್ನೂ ಅಲ್ಲೇ ನಿಂತು ಯೋಚಿಸಿ, "ಬಾಗಿಲು ಬೇಡ, ಬೋಲ್ಟು ಹಾಕಿ ಬಿಗಿದುಬಿಡಿ" ಎಂದೆ. ಪಕ್ಕದಲ್ಲಿ ಕೂರುವವರು ಯಾರಿದ್ದರು, ಪೈಪುಗಳು ತಾನೇ.

ನನ್ನ ಹೆದರಿಕೆಗೆ ಆಧಾರವೇ ಇಲ್ಲ ಎನ್ನುವಂತಿಲ್ಲ. ಕ್ಯಾಬಿನ್ ಕಟ್ಟಿಸುವ ಮೊದಲು ಜೀಪಿಗೆ ಟಾರ್ಪಾಲು ಹೊದಿಸಿ ಓಡಿಸುತ್ತಿದ್ದೆ. ಒಂದು ದಿನ ಶಿರಾ ರಸ್ತೆಯಲ್ಲಿ ಅದು ಕಿತ್ತುಕೊಂಡು ಹಾರಿ, ರಸ್ತೆಯಂಚಿನಲ್ಲಿ ಮೇಯುತ್ತಿದ್ದ ಕುರಿಮಂದೆಯ ಮೇಲೆ ಕೂತಿತು. ಕುರಿಗಳು ಟಾರ್ಪಾಲು ಹೊದ್ದುಕೊಂಡೇ ಓಡಿದವು. ನಾನು ಕೈಮುಗಿಯುತ್ತಾ ಹಿಂದೆ ಓಡಿದೆ. ಕುರಿಯವನು ಅದನ್ನು ಮಡಿಸಿ ನನ್ನ ಕೈಗಿಡುತ್ತಾ, "ನಮ್ ಕುರಿಗೆ ಚಳಿ ಆಯ್ತಾ ಐತೆ ಅಂತ ನಿಂಗ್ಯಾರ್ ಹೇಳಿದ್ರಣ್ಣ?" ಎಂದ. ಅವನು ನಕ್ಕದ್ದು ನನಗೆ ನೆನಪಿಲ್ಲ. ಟಾರ್ಪಾಲಿನ ಬದಲು ತಗಡಾಗಿದ್ದರೆ, ಕುರಿಯ ಬದಲು ಮನುಷ್ಯರಾಗಿದ್ದರೆ ಎಂದು ಲೆಕ್ಕ ಹಾಕುತ್ತಾ ಮನೆಗೆ ಬಂದದ್ದು ಮಾತ್ರ ನೆನಪಿದೆ.

ಇನ್ನು ನನ್ನ ಅಕ್ಕ. ಬಡವನಹಳ್ಳಿಯಲ್ಲಿ ಮಗನ ಸಂಸಾರದ ಜೊತೆ ಇದ್ದಾಳೆ. ನಮ್ಮಪ್ಪ ಕುರಿ ಕಾಯುತ್ತಿದ್ದವನು. ಅಕ್ಕ ಮದುವೆಯಾಗುವವರೆಗೂ ಅವನ ಜೊತೆ ಮಂದೆಯ ಹಿಂದೆ ತಿರುಗಿದವಳು. ಎತ್ತರದ ಆಳು, ಗಂಟಲು ಇನ್ನೂ ಎತ್ತರ. ಹಿತ್ತಿಲಲ್ಲಿ ಜಾರಿ ಬಿದ್ದು ಎಡ ಮಂಡಿಗೆ ಪೆಟ್ಟಾದ ಮೇಲೆ ಆ ಕಾಲು ಮಡಿಸಲು ಬರುವುದಿಲ್ಲ. ಕೋಲು ಹಿಡಿದು ನಡೆಯುತ್ತಾಳೆ, ಅಡುಗೆ ಮಾಡುತ್ತಾಳೆ, ಜಗಳಕ್ಕೂ ಏನೂ ಕಮ್ಮಿಯಿಲ್ಲ. ಆದರೆ ಗಾಡಿ ಹತ್ತಿ ಇಳಿಯುವುದೇ ಕಷ್ಟ. ಕಾರಿನ ಬಾಗಿಲಲ್ಲಿ ನೆಟ್ಟಗಿನ ಕಾಲು ತೂರುವುದಿಲ್ಲ. ಶಿರಾದಲ್ಲಿ ನೆಂಟರ ಮದುವೆಗೆ ಹೋದಾಗ ಛತ್ರದ ಮುಂದೆ ಯಾರೋ ಗಂಡಸರು ಸೇರಿ, "ಹಿಡ್ಕಳ್ಳಿ, ಹಿಡ್ಕಳ್ಳಿ, ಎತ್ತಿ" ಎಂದು ಅವಳನ್ನು ಗೊಬ್ಬರದ ಮೂಟೆ ಇಳಿಸಿದ ಹಾಗೆ ಇಳಿಸಿದರು. ಸೀರೆ ಮೊಣಕಾಲಿಗೆ ಬಂದಿತ್ತು. ಯಾವನೋ ಮೊಬೈಲು ಬೇರೆ ಎತ್ತಿ ಹಿಡಿದಿದ್ದ. ಅಕ್ಕ ಅಲ್ಲಿ ಊಟ ಮಾಡಲಿಲ್ಲ. "ಇನ್ಮ್ಯಾಕೆ ನನ್ ಕಾಲ್ಮ್ಯಾಲೆ ನಾನು ಇಳಿಯಂಗಿದ್ರೆ ಬತ್ತೀನಿ, ಇಲ್ಲಾಂದ್ರೆ ಯಾರ್ ಮನೆಗೂ ಬರಾಕಿಲ್ಲ" ಎಂದಳು. ಅಂದಂತೆಯೇ ನಡೆದುಕೊಂಡಳು. ಆಮೇಲೆ ನಾಮಕರಣಗಳಾದವು, ಮದುವೆಗಳಾದವು. ಅವಳು ಹೊಸ್ತಿಲು ದಾಟಲಿಲ್ಲ.

ಹೀಗಿರುವಾಗ ಪಾವಗಡದ ಆಚೆ, ವಳ್ಳೂರಿನ ಹತ್ತಿರ ಇರುವ ಅವಳ ಮಗಳು ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶದಲ್ಲಿ ಹಾಲು ಉಕ್ಕಿಸುವ ಪಾತ್ರೆಯನ್ನು ತಾಯಿ ತನ್ನ ಕೈಯಾರೆ ಹಿಡಿದು ಒಳಗೆ ತರಬೇಕು, ಇದು ನಮ್ಮ ಕಡೆಯ ಪದ್ಧತಿ. ಅಕ್ಕನ ಮಗಳು ನನಗೆ ಫೋನು ಮಾಡಿ ಅತ್ತಳು. "ಮಾವ, ಅವ್ವ ಬರಲ್ಲ ಅಂತೈತೆ. ಪಾತ್ರೆ ಬಸ್ಸಲ್ಲಿ ಕಳಿಸ್ತೀನಿ ಅಂತೈತೆ. ನೀನೇ ಏನಾರ ಮಾಡು."

ಅಕ್ಕನಿಗೆ ಬೇಕಾದದ್ದು ಸೀಟಿನ ಪಕ್ಕ ಏನೂ ಅಡ್ಡವಿಲ್ಲದ ಜಾಗ. ಕೂತಲ್ಲೇ ತಿರುಗಿ, ನೆಟ್ಟಗಿನ ಕಾಲನ್ನು ಹೊರಗೆ ಚಾಚಿ, ಇನ್ನೊಂದು ಕಾಲು ಊರಿ, ಕೋಲು ಹಿಡಿದು ಏಳುವಷ್ಟು ಅಗಲ. ಅಷ್ಟು ಅಗಲ ಇದ್ದದ್ದು ನಮ್ಮ ಜೀಪಿನಲ್ಲಿ, ಎಡಗಡೆಯ ತಗಡು ತೆಗೆದರೆ. ಆದರೆ ಅದು ಬೋಲ್ಟಿನಲ್ಲಿ ಬಿಗಿದದ್ದು. ಗೃಹಪ್ರವೇಶದ ಮನೆ ಮುಂದೆ ಸ್ಪಾನರ್ ಹಿಡಿದು ಜೀಪಿನ ಕೆಳಗೆ ಮಲಗುವಂತಿಲ್ಲವಲ್ಲ.

ಶಿರಾಕ್ಕೆ ಹೋದೆ. ಮೇಸ್ತ್ರಿ ಬೋಲ್ಟು ತೆಗೆದು ತಗಡಿನ ಮೇಲ್ತುದಿಗೆ ಎರಡು ಟಕ್ ಎಂದು ಮಡಚಿಕೊಳ್ಳುವ ಕ್ಲಿಪ್ಪು ಹಾಕಿದ, ಲಾರಿಯ ಟೂಲ್ ಬಾಕ್ಸಿಗೆ ಇರುವಂಥವು. ಕೆಳಗೆ ಒಂದು ಪಿನ್ನು. ಪಿನ್ನಿನ ತಲೆಯಲ್ಲಿ ಒಂದು ಗುಂಡಿ, ಗುಂಡಿಯ ಸುತ್ತ ಒಂದು ಬಳೆ. ಗುಂಡಿ ಒತ್ತಿಕೊಂಡು ಬಳೆ ಎಳೆದರೆ ಪಿನ್ನು ಹೊರಗೆ ಬರುತ್ತದೆ. ಒತ್ತದಿದ್ದರೆ ಆನೆ ಎಳೆದರೂ ಬರುವುದಿಲ್ಲ ಎಂದು ಮೇಸ್ತ್ರಿಯ ಅಂಬೋಣ.

"ಒಂದೇ ಪಿನ್ನಾ?" ಎಂದೆ.

"ಒಂದು ಸಾಕು ಭಾಯ್. ಬಿಲ್ಕುಲ್ ಸಾಕು."

"ಅದು ಬಿದ್ದುಹೋದರೆ?"

"ಬೀಳಲ್ಲ."

"ಅಕಸ್ಮಾತ್?"

ಮೇಸ್ತ್ರಿ ನನ್ನ ಮುಖ ನೋಡಿದ. ಆಮೇಲೆ ಮೊದಲಿನದರಿಂದ ನಾಲ್ಕು ಬೆರಳು ಪಕ್ಕಕ್ಕೆ ಇನ್ನೊಂದು ತೂತು ಕೊರೆದು ಇನ್ನೊಂದು ಪಿನ್ನು ತೂರಿಸಿದ. "ಇದು ತಗಡಿಗಲ್ಲ. ನಿಮ್ಮ ನಿದ್ದೆಗೆ" ಎಂದ.

ಬಡವನಹಳ್ಳಿಯಲ್ಲಿ ಅಕ್ಕನ ಅಂಗಳದಲ್ಲಿ ಪರೀಕ್ಷೆ ಮಾಡಿದೆವು. ಟಕ್, ಟಕ್, ಪಿನ್ನು ಎಳೆದೆ, ತಗಡು ಎತ್ತಿ ಪಕ್ಕಕ್ಕಿಟ್ಟೆ. ಅಕ್ಕ ಸೀಟಿಗೆ ಬೆನ್ನು ಕೊಟ್ಟು ಕುಂಡೆ ಊರಿ ಕಾಲು ಒಳಗೆ ತಿರುಗಿಸಿಕೊಂಡಳು. ಮತ್ತೆ ಹೊರಗೆ ತಿರುಗಿಸಿ ಇಳಿದಳು. ಯಾರೂ ಮುಟ್ಟಲಿಲ್ಲ. ಮತ್ತೊಮ್ಮೆ ಹತ್ತಿದಳು, ಮತ್ತೊಮ್ಮೆ ಇಳಿದಳು. ಅವಳ ಮಗ, "ಸಾಕ್ ಬುಡವ್ವ, ಜೀಪ್ ಸವೀತದೆ" ಎಂದ. "ಬತ್ತೀನಿ ಕಣ್ಲಾ" ಎಂದು ಅಕ್ಕ ನನಗೆ ಹೇಳಿದಳು. "ಅಲ್ಲಿ ಇಂಗೇ ಇಳಿಸ್ಬೇಕು. ಯಾವನಾರ ನನ್ ಕಂಕುಳಿಗೆ ಕೈ ಹಾಕಿದ್ರೆ ಇಳಿಯಾಕಿಲ್ಲ, ಪಾತ್ರೆ ಸಮೇತ ಹಿಂದಕ್ಕೆ ತಿರುಗಿಸ್ಬುಡು."

ಅಲ್ಲಿಗೆ ಎಲ್ಲ ಸರಿಯಾಗಿತ್ತು. ಸರಿಯಾಗಿದ್ದದ್ದು ನನಗೆ ಒಗ್ಗುವುದಿಲ್ಲ.

ಹೊರಡುವ ದಿನ ಬೆಳಿಗ್ಗೆ ಅಕ್ಕನನ್ನು ಕೂರಿಸಿ ತಗಡು ಹಾಕಿದ ಮೇಲೆ, ಅದರ ಮೇಲೊಂದು ಟ್ಯೂಬಿನ ರಬ್ಬರು ಸುತ್ತೋಣವೆಂದು ಹಿಂದಿನಿಂದ ಎತ್ತಿಕೊಂಡೆ. ಸೈಕಲ್ ಟ್ಯೂಬು ಸೀಳಿದ ಆ ಪಟ್ಟಿಗಳು ನನ್ನ ಜೀಪಿನಲ್ಲಿ ಸದಾ ಇರುತ್ತವೆ; ಪೈಪು ಕಟ್ಟುವುದು ಅದರಲ್ಲೇ. ಹಿಂದೆ ಹಣ್ಣು ಕಾಯಿ ಬುಟ್ಟಿಗಳ ಮಧ್ಯೆ ಕೂತಿದ್ದ ನನ್ನ ಹೆಂಡತಿ ನೋಡಿದಳು. "ರೀ, ಕ್ಲಿಪ್ ಮೇಲೆ ರಬ್ಬರು ಕಟ್ಟೋದಾದ್ರೆ ಕ್ಲಿಪ್ ಯಾಕ್ ಹಾಕಿಸಿದ್ರಿ? ನೆಂಟ್ರ ಮುಂದೆ ಮಾನ ಕಳೀಬೇಡಿ, ಒಳಗಿಡಿ." ಒಳಗಿಟ್ಟೆ.

ಮಧುಗಿರಿ ದಾಟುವವರೆಗೆ ನನ್ನ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ತಗಡಿನ ಮೇಲೆ. ವಳ್ಳೂರಿನ ಬಯಲು ಗಾಳಿ ನೆನಪಾಗುತ್ತಿತ್ತು. ಮುಂದೆ ರಸ್ತೆ ಪಕ್ಕ ಒಂದು ಈಶ್ವರನ ಗುಡಿ. ಅಲ್ಲಿ ಗಾಡಿ ನಿಲ್ಲಿಸಿ, ಪೂಜೆ ಮಾಡಿಸಿ, ದಾರ ಕಟ್ಟಿಸಿಕೊಂಡು ಹೋಗುವವರು ಬಹಳ. ನನಗೆ ಆಗ ಹೊಳೆಯಿತು. ರಬ್ಬರಿಗೆ ನಗುವವರು ದೇವರ ದಾರಕ್ಕೆ ನಗುವುದಿಲ್ಲ.

ಗುಡಿಯ ಅಯ್ನೋರು ಬಾನೆಟ್ಟಿಗೆ ಕುಂಕುಮ ಇಟ್ಟು, ಕನ್ನಡಿಗೆ ದಾರ ಕಟ್ಟಿ ಮಂಗಳಾರತಿ ಎತ್ತಿದರು. ನಾನು ಮೆಲ್ಲಗೆ, "ಅಯ್ನೋರೇ, ಈ ಪಿನ್ನುಗಳಿಗೂ ಒಂದು ಸುತ್ತು" ಎಂದೆ.

"ಕನ್ನಡಿಗೆ ಕಟ್ಟಿದ್ದು ಪೂರ್ತಿ ಗಾಡಿಗೆ ಆಯ್ತದಲ್ಲಪ್ಪಾ."

"ಇಲ್ಲಿಗೂ ಇರಲಿ, ಬುದ್ಧಿ."

ಅಯ್ನೋರು ಧಾರಾಳದ ಮನುಷ್ಯರು. ಅರಿಶಿನ ನೀರಲ್ಲಿ ಅದ್ದಿದ ದಾರವನ್ನು ಈ ಪಿನ್ನಿನ ಬಳೆಯಿಂದ ಆ ಪಿನ್ನಿನ ಬಳೆಗೆ ಬಿಗಿಯಾಗಿ ಸುತ್ತಿ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿದರು. "ಕತ್ರಿ ಗಿತ್ರಿ ತಾಕಿಸ್ಬೇಡಪ್ಪಾ. ತಾನಾಗೇ ಸವೆದು ಬೀಳ್ಬೇಕು" ಎಂದರು. ಒಳಗೆ ಕೂತ ಅಕ್ಕನಿಗೆ ಕೆಳಗಿನದು ಕಾಣಲಿಲ್ಲ. ಹೆಂಡತಿಗೆ ಕಂಡಿತು. ದೇವರ ಎದುರು ಏನೂ ಅನ್ನಲಾರದೆ ಸುಮ್ಮನಾದಳು. ಪಾವಗಡದವರೆಗೆ ನಾನು ಸಿಳ್ಳೆ ಹಾಕಿಕೊಂಡು ಹೋದೆ. ಇಳಿಯುವಾಗ ಆ ಪಿನ್ನು ಎಳೆಯಬೇಕಲ್ಲ ಎನ್ನುವ ಒಂದು ಸಂಗತಿಯನ್ನು ಬಿಟ್ಟು ಉಳಿದ ಎಲ್ಲ ಅಪಾಯಗಳನ್ನೂ ಯೋಚಿಸಿ ಮುಗಿಸಿದ್ದೆ.

ಅದು ನೆನಪಾದದ್ದು ಸೋಲಾರ್ ಪ್ಲೇಟುಗಳ ಸಾಲು ಮುಗಿದು, ಊರು ಸಿಕ್ಕಿ, ಚಪ್ಪರದ ಮುಂದೆ ಜೀಪು ನಿಲ್ಲಿಸಿದಾಗ.

ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಗಳಿಗೆ ಮೀರುತ್ತದೆಂದು ಒಳಗಿನಿಂದ ಪುರೋಹಿತರ ಧ್ವನಿ. ಅಕ್ಕ ರೇಷ್ಮೆ ಸೀರೆಯ ಸೆರಗು ಸರಿಮಾಡಿಕೊಂಡು, ಪಾತ್ರೆ ಮಡಿಲಲ್ಲಿಟ್ಟುಕೊಂಡು, ಕೋಲು ಹಿಡಿದು ಸಿದ್ಧಳಾಗಿದ್ದಳು. "ತೆಗಿಯಲಾ."

ಮೇಲಿನ ಕ್ಲಿಪ್ಪುಗಳು ಟಕ್ ಟಕ್ ಎಂದವು. ಕೆಳಗೆ ಬಗ್ಗಿದೆ. ದಾರ ಬಿಸಿಲಿಗೆ ಒಣಗಿ ತಂತಿಯ ಹಾಗಾಗಿತ್ತು. ಒಂದು ಪಿನ್ನು ಎಳೆದರೆ ಪಕ್ಕದ್ದು ಹಿಡಿದುಕೊಳ್ಳುತ್ತಿತ್ತು. ಉಗುರಲ್ಲಿ ಗಂಟು ಬಿಚ್ಚಲು ಕೂತೆ. ಉಗುರು ಕಿತ್ತಿತು, ಗಂಟು ಕದಲಲಿಲ್ಲ. ಯಾರೋ ಬ್ಲೇಡು ತಂದರು. ಅಕ್ಕನ ಬೀಗಿತ್ತಿ, ಅಂದರೆ ಆ ಮನೆಯ ಅತ್ತೆ, ಬೇಡ ಬೇಡವೆಂದು ತೆಲುಗು ಬೆರೆಸಿ ಕೂಗುತ್ತಾ ಆರತಿ ತಟ್ಟೆ ಸಮೇತ ಓಡಿ ಬಂದರು. "ಅಯ್ಯೋ ವದ್ದಪ್ಪಾ, ವದ್ದು! ದೇವುಡಿ ದಾರಮು ಅದು. ಒಳ್ಳೇ ದಿನ ಬಾಗ್ಲಲ್ಲೇ ಕೊಯ್ತಾರೇನಪ್ಪಾ?" ಬ್ಲೇಡು ಹಿಂದಕ್ಕೆ ಹೋಯಿತು.

"ಏನ್ಲಾ ಅದು?" ಕಿಟಕಿಯಿಂದ ಅಕ್ಕ.

"ಏನಿಲ್ಲ, ಒಂದ್ನಿಮಿಷ."

"ಇವ್ರೇ ಅಯ್ನೋರಿಗೆ ಹೇಳಿ ಪಿನ್ನಿಗೆ ದಾರ ಸುತ್ತಿಸಿದ್ದಾರೆ, ಅತ್ಗೆ" ಎಂದಳು ಹೆಂಡತಿ. ಇಷ್ಟು ಹೊತ್ತು ತಡೆದದ್ದೇ ದೊಡ್ಡದು.

ಅಷ್ಟರಲ್ಲಿ ಬೀಗರ ಕಡೆಯ ಗಂಡಸರು ಪಂಚೆ ಎತ್ತಿ ಕಟ್ಟಿಕೊಂಡು ಬಲಗಡೆಗೆ ಬಂದರು. "ಬುಡಣ್ಣ, ಈ ಕಡೆಯಿಂದ ನಾವ್ ಎತ್ಕಂಡು ಇಳಿಸ್ತೀವಿ. ಎಷ್ಟೊತ್ತಿನ ಕೆಲ್ಸ!" ಒಬ್ಬ ಆಗಲೇ ಸ್ಟೇರಿಂಗಿನ ಆಚೆ ಕೈ ಚಾಚಿದ್ದ.

"ಮುಟ್ಟು ನೋಡಾನ" ಎಂದಳು ಅಕ್ಕ. ಕೈ ಹಿಂದಕ್ಕೆ ಹೋಯಿತು. ಅಕ್ಕನ ಮುಖ ನೋಡಿದೆ. ಶಿರಾದ ಛತ್ರದ ಮುಂದೆ ಇದ್ದ ಮುಖ. ಪಾತ್ರೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಬಾಗಿಲಲ್ಲಿ ಅವಳ ಮಗಳು ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ, ಅವಳಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ, "ತಿರುಗಿಸ್ಲಾ ಜೀಪು, ಓಗಾನ" ಎಂದಳು.

ನಾನು ಅಲ್ಲಾಡಲಿಲ್ಲ. ಗಂಟು ಕೆರೆಯುತ್ತಲೇ ಇದ್ದೆ.

"ಬಿಚ್ಚಾಕಾಗಕಿಲ್ವೇನ್ಲಾ? ದಾರ ಎಲ್ಲಿಂದ ಎಲ್ಲಿಗ್ ಕಟ್ಟೈತೆ?"

"ಈ ಪಿನ್ನಿಂದ ಆ ಪಿನ್ನಿಗೆ."

"ಜೀಪಿಗೆ?"

"ಜೀಪಿಗಿಲ್ಲ."

"ಒಂದ್ ಮರೀನ ಇನ್ನೊಂದ್ ಮರೀಗೆ ಕಟ್ಟಿ ಗೂಟಕ್ಕೆ ಕಟ್ದೆ ಬಂದವ್ನೆ!" ಅಕ್ಕನ ಗಂಟಲು ಮೊದಲಿನ ಎತ್ತರಕ್ಕೆ ಬಂದಿತ್ತು. "ಗಂಟ್ ಯಾಕ್ಲಾ ಬಿಚ್ತೀಯ? ಎರಡ್ನೂ ಒಟ್ಟಿಗೆ ಎಳೀ!"

ಎರಡು ಕೈಯಲ್ಲಿ ಎರಡು ಗುಂಡಿ ಒತ್ತಿ ಎಳೆದೆ. ಪಿನ್ನುಗಳು ದಾರದ ಸಮೇತ, ಒಂದು ಎಳೆಯೂ ಹರಿಯದೆ, ಜೊತೆಯಾಗಿ ಕೈಗೆ ಬಂದವು. ಅಂದರೆ ಗುಡಿಯಿಂದ ನಾನು ಸಿಳ್ಳೆ ಹಾಕಿಕೊಂಡು ಬಂದದ್ದು ಯಾವುದಕ್ಕೂ ಕಟ್ಟಿರದ ದಾರದ ಧೈರ್ಯದಲ್ಲಿ.

ತಗಡು ಎತ್ತಿ ಪಕ್ಕಕ್ಕಿಟ್ಟೆ. ಅಕ್ಕ ಕೂತಲ್ಲೇ ತಿರುಗಿದಳು. ಕಾಲು ಹೊರಗೆ ಬಂತು, ಇನ್ನೊಂದು ಊರಿತು, ಕೋಲು ನೆಲ ಮುಟ್ಟಿತು. ಎದ್ದು ನಿಂತಳು. ಒಂದು ಕ್ಷಣ ತೂರಾಡಿದಳು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಅವಳ ಕಣ್ಣು ನೋಡಿ ತಾನಾಗಿ ಹಿಂದಕ್ಕೂ ಬಂತು. ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ಅಕ್ಕ ಆರತಿಯವರ ಮುಂದೆ ಹೋಗಿ ನಿಂತಳು. ಬೀಗಿತ್ತಿ ಆರತಿ ಎತ್ತುತ್ತಾ, "ಮೀ ತಮ್ಮುಡು ಬಲೇ ಭಯಸ್ತುಡಮ್ಮಾ, ಬಲು ಅಂಜುಬುರುಕ" ಎಂದರು. "ಚಿಕ್ಕಂದ್ಲಿಂದ್ಲೂ ಅಂಗೇ ಕಣಮ್ಮ, ಮಂದೆ ಲೆಕ್ಕ ಹಾಕು ಅಂದ್ರೆ ತೋಳ ಎಷ್ಟವೆ ಅಂತ ಕೇಳೋನು" ಎಂದಳು ಅಕ್ಕ. ಹಾಲು ಉಕ್ಕಿತು. ಹೋಳಿಗೆ ಊಟ ಚೆನ್ನಾಗಿತ್ತು. ಅಕ್ಕ ಎರಡು ಸಲ ಹಾಕಿಸಿಕೊಂಡಳು.

ವಾಪಸು ಹೊರಡುವಾಗ ತಗಡು ಹಾಕಲು ಹೋದೆ. ಊಟದ ಹೊತ್ತಿಗೆ ನನ್ನಿಂದ ಇಸಿದುಕೊಂಡಿದ್ದ ಪಿನ್ನುಗಳು ಅಕ್ಕನ ಸೊಂಟದಲ್ಲಿ ಸಿಕ್ಕಿಕೊಂಡಿದ್ದವು. "ತಗಡು ಹಿಂದಿರ್ಲಿ. ಗಾಳಿ ಬರ್ಲಿ" ಎಂದಳು.

"ಅಕ್ಕಾ, ಬಿದ್ದುಗಿದ್ದರೆ?"

"ಆ ರಬ್ಬರ್ ಕೊಡಿಲ್ಲಿ."

ಟ್ಯೂಬಿನ ಪಟ್ಟಿ ಕೊಟ್ಟೆ. ಸೀಟಿನ ಹಿಂದಿನಿಂದ ತಂದು ತನ್ನ ನಡುವಿಗೆ ಸುತ್ತಿ ಅವಳೇ ಗಂಟು ಹಾಕಿದಳು. ಅಪ್ಪ ಕುರಿಮರಿಗೆ ಹಾಕುತ್ತಿದ್ದ ಗಂಟು: ಜಗ್ಗಿದಷ್ಟೂ ಬಿಗಿಯಾಗುತ್ತದೆ, ಬಾಲ ಎಳೆದರೆ ಬಿಚ್ಚಿಕೊಳ್ಳುತ್ತದೆ. ವಳ್ಳೂರಿನ ಗಾಳಿಗೆ ಅವಳ ಸೆರಗು ಹಾರುತ್ತಿತ್ತು. ನೆಟ್ಟಗಿನ ಕಾಲಿನ ಪಾದ ಸ್ವಲ್ಪ ಹೊರಗೆ ಚಾಚಿತ್ತು. ಹಿಂದೆ ಹೆಂಡತಿಯ ಕಾಲಬಳಿ ತಗಡು ಗಡಗಡ ಎನ್ನುತ್ತಿತ್ತು. ನಾನು ಗೇರು ಬದಲಿಸುವಾಗಲೆಲ್ಲ ಆ ಗಂಟಿನ ಕಡೆ ನೋಡುತ್ತಿದ್ದೆ.

"ರಸ್ತೆ ನೋಡ್ಲಾ" ಎನ್ನುತ್ತಿದ್ದಳು ಅಕ್ಕ.

ಬಡವನಹಳ್ಳಿಯ ಅಂಗಳದಲ್ಲಿ ಜೀಪು ಪೂರ್ತಿ ನಿಲ್ಲುವ ಮೊದಲೇ ಅವಳು ಗಂಟಿನ ಬಾಲ ಎಳೆದಾಗಿತ್ತು. ಇಳಿದು, ಕೋಲೂರಿ, ಪಿನ್ನುಗಳನ್ನು ನನ್ನ ಕೈಗೆ ಕೊಡದೆ ಒಳಗೆ ನಡೆದಳು. ಈಗ ಅವು ಅವಳ ಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ದಾರ ಸಮೇತ ತೂಗುತ್ತಿವೆ. ಶಿರಾದ ಮೇಸ್ತ್ರಿ ಬೇರೆ ಹಾಕಿಕೊಟ್ಟಿದ್ದಾನೆ. ಈ ಸಲ ಒಂದೇ ಪಿನ್ನು. ನಾನು ಎರಡು ಕೇಳಿದೆ, ಅವನು ಕೊಡಲಿಲ್ಲ.