ಸ್ಟ್ರಾ ಬೇಡ, ಲೋಟಕ್ಕೆ ಬಗ್ಗಿಸು

ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ ನನ್ನ ಬಲಗಡೆಯ ದವಡೆ ಹಲ್ಲೊಂದು ಹೋಯಿತು. ಹನ್ನೊಂದೂಕಾಲರವರೆಗೆ ಬಾಯಲ್ಲಿ ಹತ್ತಿ. ಆ ಒಂದು ಗಂಟೆ ನಾನು ಯಾರಿಗೂ ಏನೂ ಹೇಳಲಿಲ್ಲ. ಇಂಥ ಗಂಟೆ ವಾರಕ್ಕೊಂದಾದರೂ ಇರಬೇಕು ಎಂಬುದು ನಮ್ಮ ಯಜಮಾನರ ಅಭಿಪ್ರಾಯ.

ಡಾಕ್ಟರ್ ಹುಡುಗಿ ಒಂದು ಚೀಟಿ ಕೊಟ್ಟಳು. ಇಪ್ಪತ್ನಾಲ್ಕು ಗಂಟೆ ಉಗುಳಬಾರದು, ಬಾಯಿ ಮುಕ್ಕಳಿಸಬಾರದು. ಬಿಸಿ ಬೇಡ, ಖಾರ ಬೇಡ, ಗಟ್ಟಿ ಪದಾರ್ಥ ಬೇಡ. ಮಾರನೇ ದಿನದಿಂದ ಊಟವಾದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರು. ಒಂದು ವಾರ ಸ್ಟ್ರಾ ಹಾಕಿ ಏನನ್ನೂ ಹೀರುವಂತಿಲ್ಲ. ಕಿತ್ತ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿರುತ್ತದೆ. ಹೀರಿದರೆ ಅದು ಎದ್ದು ಬರುತ್ತದೆ. ಆಮೇಲಿನ ನೋವಿನ ಮುಂದೆ ಹಲ್ಲುನೋವು ಏನೂ ಅಲ್ಲ.

"ಅರ್ಥ ಆಯ್ತಾ ಆಂಟಿ?" ಎಂದಳು.

ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದವಳಿಗೆ ಈ ಪ್ರಶ್ನೆ. ಇದನ್ನೇ ನಾನು ದಿನಕ್ಕೆ ನಲವತ್ತು ಸಲ ಕೇಳುತ್ತಿದ್ದೆ. ಬಾಯಲ್ಲಿ ಹತ್ತಿ ಇದ್ದುದರಿಂದ ತಲೆಯಾಡಿಸಿದೆ.

ನನ್ನ ಚಿಂತೆ ಹಲ್ಲಿನದಾಗಿರಲಿಲ್ಲ. ಮಾರನೇ ದಿನ ಕೆಂಪಮ್ಮನ ಮನೆಯಲ್ಲಿ ಊಟವಿತ್ತು.

ಕೆಂಪಮ್ಮ ನಮ್ಮ ವಾರ್ಡಿನ ಆಯಾ ಆಗಿದ್ದವಳು. ಇಪ್ಪತ್ತು ವರ್ಷ ಜೊತೆಗೆ ಕೆಲಸ ಮಾಡಿದ್ದೇವೆ. ನಾನು ಇಂಜೆಕ್ಷನ್ ಕೊಟ್ಟರೆ ಅವಳು ಮಗುವಿನ ಕಾಲು ಹಿಡಿದುಕೊಳ್ಳುತ್ತಿದ್ದಳು. ನನ್ನ ಹೆರಿಗೆಯಲ್ಲಿ ಬೆನ್ನು ನೀವಿದವಳೂ ಅವಳೇ. ಇಷ್ಟು ವರ್ಷದಲ್ಲಿ ಅವಳ ಮನೆಯಲ್ಲಿ ನಾನು ಒಂದು ತುತ್ತು ಉಂಡಿರಲಿಲ್ಲ. ಕಾರಣ ಎರಡಕ್ಷರದ್ದು. ಜಾತಿ.

ನಮ್ಮ ಕಡೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೆ ಬೇರೆ ಮಾತುಗಳಿವೆ. "ಈಗ ತಾನೇ ಊಟ ಆಯ್ತು." "ಹೊಟ್ಟೆ ಸರಿ ಇಲ್ಲ." "ಇವತ್ತು ಒಪ್ಪತ್ತು." ನನ್ನದು ಸ್ವಲ್ಪ ಶಿಸ್ತಿನದು: "ನಾನು ಒಂದು ಗಂಟೆಗೇ ಊಟ ಮಾಡೋಳು ಕೆಂಪಮ್ಮ, ಹೊತ್ತು ತಪ್ಪಿದ್ರೆ ಆಗಲ್ಲ." ಅವಳ ಮಗಳ ಮದುವೆಗೆ ನಾನು ಹೋದದ್ದು ಎರಡೂವರೆಗೆ. (ಯೋಚನೆ ಮಾಡಿಯೇ ಹೋಗಿದ್ದೆ.)

ಹೀಗೆ ಹೋದವರಿಗೆ ಏನು ಕೊಡಬೇಕು ಎಂಬುದಕ್ಕೂ ಒಂದು ಪಟ್ಟಿಯಿದೆ. ಬಾಳೆಹಣ್ಣು, ಬಾಟಲಿಯ ಜ್ಯೂಸ್, ಎಳನೀರು. ಸಿಪ್ಪೆ ಇರಬೇಕು, ಇಲ್ಲವೇ ಮುಚ್ಚಳ ಇರಬೇಕು. ಆ ಮನೆಯ ಪಾತ್ರೆ ಮುಟ್ಟಿರಬಾರದು. ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಎರಡೂ ಕಡೆಯವರು ಬಿಸಿಲಿನ ಬಗ್ಗೆ ಮಾತಾಡುತ್ತೇವೆ.

ಗುರುವಾರ ಕೆಂಪಮ್ಮ ಕರೆಯಲು ಬಂದಿದ್ದಳು. ಎಚ್.ಡಿ. ಕೋಟೆ ರಸ್ತೆಯ ಅವಳ ಊರಿನಲ್ಲಿ ಹೊಸ ಮನೆ ಒಕ್ಕಲಾಗಿದೆ, ಭಾನುವಾರ ಬಾಡೂಟ. ಒಳಗೆ ಬಾ ಎಂದರೂ ಹೊಸಿಲ ಆಚೆಯೇ ನಿಂತು ಹೇಳಿದಳು.

"ಈ ಸಲ ಉಂಡ್ಕಂಡೇ ಓಗ್ಬೇಕು ಸಿಸ್ಟರಮ್ಮ. ನಮ್ಮೋರ್ಗೆಲ್ಲ ಯೋಳ್ಬುಟ್ಟಿವ್ನಿ, ನಮ್ ಸಿಸ್ಟರು ಉಣ್ತಾರೆ ಅಂತ. ನನ್ ಮಾನ ನಿಮ್ ಕೈಲದೆ."

"ಬರ್ತೀನಿ. ಊಟಾನೂ ಮಾಡ್ತೀನಿ" ಎಂದೆ. ಮನಸ್ಸಿನಿಂದಲೇ ಹೇಳಿದ ಮಾತು. ಮನೆಯಲ್ಲಿ ಇದನ್ನೆಲ್ಲ ಕಟ್ಟುನಿಟ್ಟಾಗಿ ನೋಡುತ್ತಿದ್ದ ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಇನ್ನು ಯಾರ ಹೆಸರು ಹೇಳಿ ತಪ್ಪಿಸಿಕೊಳ್ಳಲಿ?

ಶುಕ್ರವಾರ ಕೆನ್ನೆ ಊದಿತು. ಶನಿವಾರ ಹಲ್ಲು ಕೀಳಿಸಿದೆ. ನೀವಾದರೂ ನಂಬುತ್ತೀರಾ?

ಭಾನುವಾರ ಸರಿಯಾಗಿ ಒಂದು ಗಂಟೆಗೆ ಅವಳ ಮನೆ ಮುಂದಿನ ಶಾಮಿಯಾನದಲ್ಲಿದ್ದೆ. ಕೆಂಪಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಹಲ್ಲಿನ ವಿಷಯ ಹೇಳಿದೆ. ಅವಳ ಮುಖದ ನಗು ಹಾಗೆಯೇ ಇತ್ತು. ಕಣ್ಣು ಮಾತ್ರ ಬೇರೆ ಕಡೆ ಹೋಯಿತು.

"ಆಗ್ಲಿ ಬುಡಿ ಸಿಸ್ಟರಮ್ಮ. ಬಂದ್ರಲ್ಲ, ಅಷ್ಟೇ ಸಾಕು."

ಬಡಿಸುತ್ತಿದ್ದ ಅವಳ ತಮ್ಮ ಸಾರಿನ ಬಕೆಟ್ ಕೆಳಗಿಡದೆಯೇ ಹೇಳಿದ. "ನಾನ್ ಯೋಳ್ನಿಲ್ವಾ? ಅವ್ರ ಹಲ್ಗೂ ಗೊತ್ತು ಕಣಕ್ಕೋ, ಯಾರ್ ಮನೇಲಿ ನೋಯ್ಬೇಕು ಅಂತ."

ಊಟಕ್ಕೆ ಕೂತಿದ್ದ ಇಡೀ ಸಾಲು ನಕ್ಕಿತು. ನಾನು ನಗಲಿಲ್ಲ. (ಹೊಲಿಗೆ ಹಾಕಿದ್ದರು.)

ಅಷ್ಟರಲ್ಲಿ ಎಳನೀರು ಬಂತು. ಯಾರೂ ತರಲು ಹೇಳಿರಲಿಲ್ಲ. ಕೆಂಪಮ್ಮ ಅದಕ್ಕೆ ಸ್ಟ್ರಾ ಹಾಕಿ ನನ್ನ ಮುಂದೆ ಹಿಡಿದಳು.

"ಸ್ಟ್ರಾ ಬೇಡ" ಎಂದೆ.

ಅವಳ ಕೈ ಅಲ್ಲೇ ನಿಂತಿತು. "ಎಳ್ನೀರೂ ಬ್ಯಾಡ್ವಾ?"

"ಎಳನೀರು ಬೇಕು. ಹೀರಬಾರದು ಅಂದಿದ್ದಾರೆ. ಲೋಟಕ್ಕೆ ಬಗ್ಗಿಸು."

"ನಮ್ ಲೋಟಕ್ಕಾ?"

"ನಾನು ಲೋಟ ತಂದಿಲ್ವಲ್ಲ ಕೆಂಪಮ್ಮ."

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಎಳನೀರನ್ನು ತಮ್ಮನ ಕೈಗೆ ಕೊಟ್ಟು, ಮೊಬೈಲಿನ ಟಾರ್ಚ್ ಹಾಕಿದಳು. "ಎಲ್ಲಿ, ಬಾಯ್ ತಗೀರಿ ನೋಡ್ಮ."

ಅಷ್ಟು ಜನರ ಮುಂದೆ ಬಾಯಿ ತೆರೆದೆ. ತಮ್ಮನೂ ಬಕೆಟ್ ಸಮೇತ ಬಗ್ಗಿ ನೋಡಿದ.

"ದಿಟ ಕಣ್ಲಾ. ಬುಡ ಸಮೇತ ಕಿತ್ತವ್ರೆ" ಎಂದು ಕೆಂಪಮ್ಮ ಸಾಲಿಗೆಲ್ಲ ಕೇಳುವಂತೆ ಹೇಳಿದಳು. ಹೆಪ್ಪು ಚೆನ್ನಾಗಿ ಕೂತಿದೆ ಎಂದೂ ಸೇರಿಸಿದಳು. (ಡಾಕ್ಟರ್ ಕೂಡ ಇಷ್ಟು ಹೊತ್ತು ನೋಡಿರಲಿಲ್ಲ.)

ಸ್ಟೀಲ್ ಲೋಟದಲ್ಲಿ ಎಳನೀರು ಕುಡಿದೆ. ಲೋಟ ಕೆಳಗಿಟ್ಟು, "ಮುದ್ದೆ ಹಾಕು" ಎಂದೆ.

"ಈ ಬಾಯ್ಲಿ ಎಂಗುಂಡೀರಿ?"

"ನಮ್ಮ ಕಡೆ ಮುದ್ದೆ ಅಗಿದು ತಿನ್ನೋರು ಯಾರು?"

ಗಟ್ಟಿ ಪದಾರ್ಥ ಬೇಡ ಎಂದ ಡಾಕ್ಟರ್ ಹುಡುಗಿ ಮಂಗಳೂರು ಕಡೆಯವಳು. ಹಲ್ಲಿಗೆ ಸೋಕದೆ ಒಳಗೆ ಹೋಗುವ ಊಟವೊಂದಿದೆ ಎಂದು ಅವಳಿಗೆ ಯಾರೂ ಕಲಿಸಿಲ್ಲ. ಕೆಂಪಮ್ಮ ಒಳಗಿನಿಂದ ಮನೆಯ ತಟ್ಟೆ ತಂದು, ಅರ್ಧ ಮುದ್ದೆ ಮುರಿದು ಹಾಕಿ, ಬಿಸಿ ಹೋಗುವವರೆಗೆ ರಟ್ಟಿನಲ್ಲಿ ಗಾಳಿ ಬೀಸಿದಳು. ಸಾಲಿನಲ್ಲಿದ್ದವರು ತಮ್ಮ ಊಟ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ಎಡಗಡೆಯಿಂದ ಒಂದೊಂದೇ ತುತ್ತು ನುಂಗಿದೆ. ಸಾರು ಖಾರವಾಗಿತ್ತು. ಚೀಟಿಯಲ್ಲಿ ಆ ಒಂದು ಸಾಲನ್ನು ಮೀರಿದೆ. ಮೂಗು, ಕಣ್ಣು ಎರಡೂ ಸುರಿದವು. ತಮ್ಮ ಮಾತಿಲ್ಲದೆ ಬಂದು ಇನ್ನೊಂದು ಸೌಟು ಸಾರು ಬಿಟ್ಟ. (ಮರ್ಯಾದೆಗೋ ಸೇಡಿಗೋ ಗೊತ್ತಾಗಲಿಲ್ಲ.)

ತಟ್ಟೆ ಖಾಲಿಯಾಯಿತು. ಸಾಲು ಮತ್ತೆ ಊಟಕ್ಕೆ ತೊಡಗಿತು.

ಉಪ್ಪುನೀರು ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ಕೆಂಪಮ್ಮ ಉಗುರುಬೆಚ್ಚಗೆ ಮಾಡಿ ತಂದಿದ್ದಳು. ವಾರ್ಡಿನ ಅಭ್ಯಾಸ. ಮನೆ ಹಿಂದಿನ ಬಚ್ಚಲಿಗೆ ಕರೆದುಕೊಂಡು ಹೋಗಿ, "ಜೋರಾಗ್ ಮುಕ್ಕಳಿಸ್ಬ್ಯಾಡಿ, ಸುಮ್ಕೆ ಬಾಯ್ಲಿಟ್ಕಂಡು ಬುಟ್ಬುಡಿ" ಎಂದು ನನಗೇ ಹೇಳಿಕೊಟ್ಟಳು. ಹಾಗೆಯೇ ಮಾಡಿದೆ.

ಅಲ್ಲಿ ನಾವಿಬ್ಬರೇ ಇದ್ದೆವು. ಖಾಲಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನ ಮುಖ ನೋಡದೆ, ಔಷಧಿ ಚೀಟಿ ಓದುವ ದನಿಯಲ್ಲಿ ಕೆಂಪಮ್ಮ ಕೇಳಿದಳು:

"ಈ ಹಲ್ನ ಇಷ್ಟ್ ವರ್ಸ ಯಾಕ್ ಮಡೀಕಂಡಿದ್ರಿ ಸಿಸ್ಟರಮ್ಮ?"