ದಿನಕ್ಕೊಂದು ಮನೆಯ ಅರ್ಜಿ

ನಮ್ಮ ಪೇಟೆಯಲ್ಲಿ ರಸ್ತೆ ದಾಟಲು ಈಗ ಇರುವ ದಾರಿ ಒಂದು ಮಂಚದ ಉದ್ದದಷ್ಟು ಅಗಲವಿದೆ, ಅಷ್ಟೆ. ಅದಕ್ಕೆ ತೆತ್ತ ಬೆಲೆ ನನ್ನ ಅಕ್ಕನ ಮಗನ ಸೌದಿ ಕೆಲಸ. ಆ ಕೆಲಸ ಕೈತಪ್ಪಿದ್ದು ನನ್ನ ಸಲಹೆಯಿಂದ. ಮುಂದೆ ನಾನು ಸ್ವಲ್ಪ ಬೀಗುವುದಿದೆ, ಹಾಗಾಗಿ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಮಡಂತ್ಯಾರಿನಿಂದ ಬಂಟ್ವಾಳದ ಕಡೆಗೆ ಬರುವ ರಸ್ತೆ ಅಗಲವಾದಾಗ ನಮ್ಮ ಪೇಟೆಯ ನಡುವೆ ಕಾಂಕ್ರೀಟಿನ ಡಿವೈಡರ್ ಬಂತು. ಈಚೆ ಬದಿ ಮನೆಗಳು, ಆಚೆ ಬದಿ ಬಸ್ ನಿಲ್ದಾಣ, ಶಾಲೆ, ಹೆಂಗಸರು ಕಟ್ಟಿದ ಬೀಡಿ ಕೊಟ್ಟುಬರುವ ಕಂಪೆನಿಯ ಬ್ರಾಂಚು. ದಾಟಬೇಕಾದರೆ ಪೆಟ್ರೋಲ್ ಬಂಕಿನವರೆಗೆ ಬಿಸಿಲಲ್ಲಿ ನಡೆದು, ಸುತ್ತು ಹಾಕಿ, ಅಷ್ಟೇ ದೂರ ಹಿಂದಕ್ಕೆ ಬರಬೇಕು. ಆ ಸುತ್ತು ಬೇಡವೆಂದು ಡಿವೈಡರ್ ಹತ್ತಿದ ಒಬ್ಬ ಅಜ್ಜಿ ಬಿದ್ದು ಕೈ ಮುರಿದುಕೊಂಡರು.

ನಾನು ಕೆಡಹುವ ಹಳೆಯ ಮನೆಗಳ ಬಾಗಿಲು, ದಾರಂದ, ತೊಲೆ, ಹಂಚು ಕೊಂಡು ಮಾರುವವನು. ಸೈಕಲಿನಲ್ಲಿ ಮೀನು ಮಾರುತ್ತಿದ್ದವನಿಗೆ ಇವತ್ತು ಮೂಡಬಿದಿರೆಯಿಂದ ಬೆಳ್ತಂಗಡಿಯವರೆಗೆ ಗಿರಾಕಿಗಳಿದ್ದರೆ ಅದು ಚೌಕಾಸಿಯ ಬಲದಿಂದ. ದೊಡ್ಡದು ಕೇಳು, ಆಮೇಲೆ ಇಳಿ. ಡಿವೈಡರಿನ ವಿಷಯಕ್ಕೆ ಹೋಟೆಲಿನಲ್ಲಿ ಸಭೆ ಸೇರಿದಾಗಲೂ ಅದನ್ನೇ ಹೇಳಿದೆ.

“ರಸ್ತೆ ತಡೆಯುವ. ಅರ್ಧ ಗಂಟೆ ಸಾಕು.”

ಹೋಟೆಲಿನ ಯಜಮಾನರು ಗದ್ದೆ, ತೋಟ ಇರುವ ಮನೆತನದವರು. ನಾನು ಅವರನ್ನು ಧಣಿಗಳೇ ಎಂದು ಕೆಣಕುವುದು, ಮುಸ್ಲಿಮನಾದ ನನ್ನನ್ನು ಅವರು ಬ್ಯಾರಿಗಳೇ ಎಂದು ಕೆಣಕುವುದು ಇಪ್ಪತ್ತು ವರ್ಷದ ರೂಢಿ. ಅವರಿಗೆ ಮನಸ್ಸಿರಲಿಲ್ಲ.

“ಬ್ಯಾರಿಗಳೇ, ನಿಮ್ಮಲ್ಲೂ ನಮ್ಮಲ್ಲೂ ಮನೆಗೊಬ್ಬ ಗಲ್ಫಿನಲ್ಲಿದ್ದಾನೆ. ಕೇಸ್ ಆದ್ರೆ ಎಂತ ಮಾಡುದು?”

“ಅರ್ಧ ಗಂಟೆಗೆ ಕೇಸ್ ಎಲ್ಲಿ ಆಗ್ತದೆ ಮಾರಾಯ್ರೆ!”

ಆಯಿತು. ರಸ್ತೆ ತಡೆದವರು ಯಾರೆಂದು ಪೊಲೀಸರು ಹುಡುಕಬೇಕಾಗಿಯೂ ಬರಲಿಲ್ಲ. ನಮ್ಮ ಹುಡುಗರೇ ವಿಡಿಯೋ ಮಾಡಿ ಸ್ಟೇಟಸ್ ಹಾಕಿಕೊಂಡಿದ್ದರು. ಅದರಲ್ಲಿ ಮುಂದಿನ ಸಾಲಿನಲ್ಲಿ ಕುಳಿತವನು ನನ್ನ ಅಕ್ಕನ ಮಗ. ಹೊಸ ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕಿತ್ತು. ಕೇಸ್ ಇದ್ದುದರಿಂದ ಅದು ಸಿಗಲಿಲ್ಲ, ಆ ಜಾಗಕ್ಕೆ ಬೇರೆಯವನು ಹೋದ. “ಬಿಡಿ ಮಾಮ, ನಾನೇ ಕೂತದ್ದಲ್ವಾ” ಎಂದ. ಅಕ್ಕ ಮಾತ್ರ ಒಂದು ತಿಂಗಳು ನನ್ನ ಮನೆಯ ಮೆಟ್ಟಿಲು ಹತ್ತಲಿಲ್ಲ. ಡಿವೈಡರ್ ಇದ್ದಲ್ಲೇ ಇತ್ತು.

ಆಮೇಲೆ ಸಹಿ ಸಂಗ್ರಹ. ಆಟೋ ಕೂಡ ದಾಟುವಷ್ಟು ಡಿವೈಡರ್ ಒಡೆಯಿರೆಂದು ಬರೆದು, ಎಲ್ಲ ಮನೆಗಳ ಸಹಿ ಹಾಕಿಸಿ, ದಪ್ಪ ಕಟ್ಟು ಮಾಡಿ, ಬಂಟ್ವಾಳದಲ್ಲಿ ರಸ್ತೆಯ ಕಚೇರಿಗೆ ಕೊಟ್ಟು, ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಂಡೆವು. ಕೆಲವು ವಾರದ ನಂತರ ವಿಚಾರಿಸಲು ಹೋದರೆ ಗುಮಾಸ್ತರು ಪುಸ್ತಕ ತಿರುವಿ ಹೇಳಿದರು: “ಒಂದು ಅರ್ಜಿ ಬಂದಿದೆ. ಒಂದು ಉತ್ತರ ಕಳಿಸಿದ್ದೇವೆ. ಫೈಲ್ ಮುಗಿದಿದೆ.” ಅಷ್ಟು ಸಹಿಗೆ ಪುಸ್ತಕದಲ್ಲಿ ಒಂದೇ ನಂಬರು!

ಮನೆಗೆ ಬಂದಾಗ ನನ್ನ ಹೆಂಡತಿ ಉಸ್ತಾದರ ಬುತ್ತಿಯ ಕ್ಯಾರಿಯರ್ ತೊಳೆಯುತ್ತಿದ್ದಳು. ನಮ್ಮ ಮದರಸದಲ್ಲಿ ಕಲಿಸುವ ಉಸ್ತಾದರಿಗೆ ದಿನಕ್ಕೊಂದು ಮನೆಯಿಂದ ಊಟ. ನಮ್ಮ ಪಾಲಿಗೆ ಗಂಜಿ ಇದ್ದ ದಿನವೂ ಅವರ ಬುತ್ತಿಯಲ್ಲಿ ಮೀನು ಇರುತ್ತದೆ. ಸರದಿ ತಪ್ಪಿಸಿದ ಮನೆಯನ್ನು ನಾನಿನ್ನೂ ಕಂಡಿಲ್ಲ. ನಾನು ಗುಮಾಸ್ತರಿಗೆ ಬೈಯುತ್ತಿದ್ದುದನ್ನೆಲ್ಲ ಕೇಳಿ ಅವಳು ತಲೆಯೆತ್ತದೆ ಹೇಳಿದಳು:

“ಊರಿನ ಎಲ್ಲ ಮನೆಯವರು ಒಂದೇ ದಿನ ಊಟ ಕೊಟ್ರೆ, ಉಸ್ತಾದರು ಮರುದಿನ ಎಂತ ತಿನ್ನುದು?”

ಉಪಾಯ ನನ್ನದೆಂದು ಊರು ಹೇಳುತ್ತದೆ. ನಾನೂ ಇದುವರೆಗೆ ತಿದ್ದಲು ಹೋಗಿರಲಿಲ್ಲ.

ಮರುದಿನವೇ ಹೋಟೆಲಿನಲ್ಲಿ ಸರದಿ ಹಾಕಿದೆವು. ದಿನಕ್ಕೊಂದು ಮನೆ, ಮನೆಯಿಂದ ಒಬ್ಬರೇ, ಅವರದೇ ಕಷ್ಟದ ಒಂದು ಪುಟ, ಅವರದೇ ನಂಬರು. ನೀಲಿ ಪ್ಲಾಸ್ಟಿಕ್ ಫೈಲೊಂದು ಯಾರ ಮನೆಯಲ್ಲಿದೆಯೋ ಅವರ ದಿನ. ಕೊಟ್ಟು ಬಂದವರು ಅದನ್ನು ಪಕ್ಕದ ಮನೆಗೆ ದಾಟಿಸಬೇಕು. ಒಬ್ಬರು ಒಂದು ಕಾಗದ ಹಿಡಿದು ಹೋದರೆ ಯಾವ ಕೇಸ್ ಹಾಕುತ್ತಾರೆ? ಹುಡುಗರಿಗೆ ಮಾತ್ರ ಇದು ಸಪ್ಪೆಯೆನಿಸಿತು.

“ಕಾಕಾ, ಇದು ಹೋರಾಟವಾ, ಪೋಸ್ಟ್‌ಮ್ಯಾನ್ ಕೆಲಸವಾ?”

“ಪೋಸ್ಟ್‌ಮ್ಯಾನ್ ದಿನಾ ಬರ್ತಾನಲ್ವಾ? ನೀವು ಒಂದು ದಿನ ಬಂದವರು.”

ಮೊದಲು ಹೋದದ್ದು ನಮ್ಮ ನೆರೆಯ ಬೀಡಿ ಕಟ್ಟುವ ಹೆಂಗಸು. ಎರಡನೆಯ ವಾರದ ಹೊತ್ತಿಗೆ ಗುಮಾಸ್ತರಿಗೆ ಸಾಕಾಗಿತ್ತು. ಆ ದಿನ ಹೋದ ಧಣಿಗಳ ಅತ್ತಿಗೆಯ ಹತ್ತಿರ ಕೇಳಿದರಂತೆ: “ನೀವೆಲ್ಲ ಸೇರಿ ಒಟ್ಟಿಗೆ ಒಂದು ಕೊಡಬಾರ್ದಾ ಅಮ್ಮ?”

“ಒಟ್ಟಿಗೆ ಕೊಟ್ಟಾಗಿದೆ. ಈಗ ನನ್ನ ಕಾಲುನೋವು ನಾನೇ ಹೇಳ್ತೇನೆ.”

ಯಾರ ಮನೆಯಲ್ಲಿಯೂ ಫೈಲು ನಿಲ್ಲಲಿಲ್ಲ. ಮದುವೆಯಿದ್ದ ಮನೆಯವರೂ ಮದುಮಗನ ಚಿಕ್ಕಪ್ಪನನ್ನು ಕಳಿಸಿದರು. ಅದನ್ನು ನೆನೆದರೆ ನನಗೆ ಈಗಲೂ ಎದೆ ಉಬ್ಬುತ್ತದೆ. ಉಸ್ತಾದರ ಊಟದ ಶಿಸ್ತು ಹಿಂದೂ ಮನೆಗಳಲ್ಲೂ ಅಷ್ಟೇ ಗಟ್ಟಿಯಾಗಿ ನಿಂತಿತು. ಮಳೆಗಾಲಕ್ಕೆ ಮುಂಚೆ ರಸ್ತೆ ಕಚೇರಿಯ ಇಂಜಿನಿಯರರ ಫೋನ್ ಬಂತು: ನಾಳೆ ಬಂದು ನೋಡುತ್ತೇನೆ.

ಯಾರೂ ಗುಂಪು ಕೂಡಬಾರದೆಂದು ನಾನು ಕಟ್ಟುನಿಟ್ಟಾಗಿ ಹೇಳಿದೆ. ಜೀಪಿನಿಂದ ಇಳಿದವರು ಸುತ್ತ ನೋಡಿದರು.

“ಜನ ಎಲ್ಲಿ?”

“ಅವರವರ ಕೆಲಸದಲ್ಲಿದ್ದಾರೆ ಸಾರ್. ಇವರು ಬೀಡಿ ಕೊಡ್ಲಿಕ್ಕೆ ಹೋಗುವವರು. ಇವರೊಟ್ಟಿಗೆ ನಾವೂ ನಡೆದು ಹೋಗುವ.”

ನೆರೆಯ ಹೆಂಗಸು ಬುಟ್ಟಿ ಹಿಡಿದು ಮುಂದೆ, ನಾವಿಬ್ಬರು ಹಿಂದೆ. ಮಧ್ಯಾಹ್ನದ ಬಿಸಿಲು. ಬಂಕಿನ ಬಳಿ ತಿರುಗುವಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಹೆಂಗಸು ತಿರುಗಿ ನೋಡಿ, “ಇನ್ನು ಅರ್ಧ ಉಂಟು ಸಾರ್” ಎಂದರು.

ಬ್ರಾಂಚಿನ ಜಗಲಿಯಲ್ಲಿ ನೀರು ಕುಡಿದು ಇಂಜಿನಿಯರ್ ಹೇಳಿದರು: “ವಾಹನಕ್ಕೆ ಬಿಟ್ಟರೆ ಅಪಘಾತ ಆಗ್ತದೆ. ಮೇಲಿನವರು ಒಪ್ಪುವುದಿಲ್ಲ.”

“ಮೇಲಿನವರು ಎಂತದಕ್ಕೆ ಒಪ್ತಾರೆ ಸಾರ್?”

ಅವರು ಇನ್ನೊಂದು ಲೋಟ ನೀರು ತೆಗೆದುಕೊಂಡರು. “ನಡೆಯುವವರಿಗೆ ಮಾತ್ರ ಆದ್ರೆ ಬರೆಯಬಹುದು. ಎರಡೂ ಬದಿ ಹಂಪ್ಸ್ ಹಾಕಬೇಕಾಗ್ತದೆ.”

ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಕೊನೆಯ ಬೆಲೆ ಅದೇ. ಮುಖದಲ್ಲಿ ತೋರಿಸಲಿಲ್ಲ. “ಆಟೋದವರು ನನ್ನನ್ನು ಬಿಡುದಿಲ್ಲ ಸಾರ್,” ಎಂದು ನಿಟ್ಟುಸಿರು ಬಿಟ್ಟೆ, “ಒಂದು ದೀಪವಾದ್ರೂ ಸೇರಿಸಿ.” ದೀಪವೂ ಸೇರಿತು. ಆಟೋದವರು ನಿಜವಾಗಿಯೂ ಬಿಡಲಿಲ್ಲ, ಅದು ಬೇರೆ ಮಾತು. ಆದರೆ ಕಾಂಕ್ರೀಟು ಕತ್ತರಿಸಿದ ದಿನ ಮಕ್ಕಳು ಶಾಲೆಗೆ ನೇರ ದಾಟಿದರು, ಧಣಿಗಳು ಎಲ್ಲರಿಗೂ ಚಹಾ ಕೊಟ್ಟರು.

ನಿಮ್ಮೂರಿನಲ್ಲೂ ಇಂಥದ್ದು ಬಂದರೆ, ಘೋಷಣೆ ಬರೆಯುವ ಮೊದಲು ಎದುರಿನವನು ಯಾವುದಕ್ಕೆ ಹೆದರುತ್ತಾನೆ, ಯಾವುದಕ್ಕೆ ಬೇಸರ ಪಡುತ್ತಾನೆ ಎಂದು ನೋಡಿ. ನಿಮ್ಮವರಲ್ಲಿ ಯಾರು ಏನು ಕಳೆದುಕೊಳ್ಳಬಹುದೆಂದು ಮನೆಮನೆಗೆ ಹೋಗಿ ಕೇಳಿ; ಕಳೆದುಕೊಳ್ಳುವುದಿದ್ದವರನ್ನು ಮುಂದೆ ಕೂರಿಸಬೇಡಿ. ನಿಮ್ಮ ಜನಕ್ಕೆ ಮೊದಲೇ ಅಭ್ಯಾಸವಿರುವ ಕೆಲಸವನ್ನೇ ಹೋರಾಟಕ್ಕೆ ಹಚ್ಚಿ, ಹೊಸದು ಕಲಿಸುವಷ್ಟರಲ್ಲಿ ಅರ್ಧ ಜನ ಮನೆಗೆ ಹೋಗಿರುತ್ತಾರೆ. ಕೊನೆಗೆ ಏನು ಸಿಕ್ಕಿದರೆ ಸಾಕೆಂದು ಮೊದಲೇ ತೀರ್ಮಾನಿಸಿ, ಯಾರಿಗೂ ಹೇಳಬೇಡಿ. ಮತ್ತೆ, ಅರ್ಜಿಯ ನಿಮ್ಮ ಪ್ರತಿಯಲ್ಲಿ ಸೀಲು, ನಂಬರು ಬೀಳದೆ ಕಚೇರಿಯಿಂದ ಹೊರಗೆ ಬರಬೇಡಿ. ಸೀಲು ಹಾಕುವವರು ಊಟಕ್ಕೆ ಹೋಗಿದ್ದಾರೆ ಎಂದರೆ, ಬೆಂಚು ಎಲ್ಲಿದೆಯೆಂದು ಕೇಳಿ ಕುಳಿತುಕೊಳ್ಳಿ.