ಇಲಿ ಕಡಿಯದ ಕೌದಿ

ಗೌರವ್ವಕ್ಕ, ನಿಮ್ಮ ಕೌದಿಯನ್ನು ಇಲಿ ಕಡಿದಿರಲಿಲ್ಲ. ನಾನು ಸುಳ್ಳು ಹೇಳಿದೆ. ಇಪ್ಪತ್ತೈದು ವರ್ಷದಿಂದ ಅದು ಅಥಣಿ ರಸ್ತೆಯ ನನ್ನ ಮನೆಯಲ್ಲೇ ಇದೆ — ಇದನ್ನು ಬರೆಯುವಾಗಲೂ ನನ್ನ ತೊಡೆಯ ಮೇಲಿದೆ.

ನನ್ನ ನೆನಪು ನಿಮಗೆ ಇದೆಯೋ ಇಲ್ಲವೋ. ವಿಜಯಪುರದ ಬಟ್ಟೆ ಅಂಗಡಿಗೆ ಮಾಲು ಆರಿಸಿ ತರುತ್ತಿದ್ದ ಶಿವಪ್ಪ ನಾನು. "ಖರೀದಿ ಸಾಹೇಬ್ರ" ಎನ್ನುತ್ತಿದ್ದಿರಿ. ಸಾಹೇಬ ಏನು ಬಂತು ಮಣ್ಣು! ಚಾದರಕ್ಕೆ ಇಚಲಕರಂಜಿ, ಸೀರೆಗೆ ಸೂರತ್ — ಅರ್ಧ ಆಯುಷ್ಯ ಬಸ್ಸು, ರೈಲಿನಲ್ಲೇ ಹೋಯಿತು. ದೀಪಾವಳಿಗೆ ಜನ ಏನು ಉಡುತ್ತಾರೆಂದು ಮಳೆಗಾಲದಲ್ಲೇ ಊಹಿಸಬೇಕು. ಊಹೆ ತಪ್ಪಿತೋ, ಆ ಮಾಲು ವರ್ಷವಿಡೀ ಕಪಾಟಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿತ್ತು. ಆದರೂ ಆ ಕೆಲಸದ ಸುಖವೇ ಬೇರೆ, ಅಕ್ಕ. ಒದ್ದೆ ಕರವಸ್ತ್ರ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ನೋಡುವುದು, ಕಣ್ಣು ಮುಚ್ಚಿ ಬೆರಳಿನಲ್ಲೇ ನೂಲು ಗುರುತಿಸುವುದು... ಹೊಸ ಗಂಟು ಬಿಚ್ಚಿದಾಗ ಏಳುತ್ತಿದ್ದ ಗಂಜಿಯ ವಾಸನೆ ಇನ್ನೂ ಮೂಗಿನಲ್ಲಿದೆ. ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು: "ಮಾಲು ಮನಸ್ಸಿಗೆ ಬಂತಂದ್ರ ಮಾರಿ ಮ್ಯಾಲ ತೋರಸಬ್ಯಾಡ." ಏನೂ ತೋರಿಸದ ಆ ಮುಖವನ್ನು ನಾನು ಬಹಳ ಚೆನ್ನಾಗಿ ಕಲಿತೆ.

ಆ ವರ್ಷ ಚಳಿಗಾಲಕ್ಕೆ ಅಂಗಡಿಯಲ್ಲಿ ಕೌದಿ ಇಡಬೇಕೆಂದು ಮಾಲೀಕರಿಗೆ ಅನಿಸಿತು. ಬಬಲೇಶ್ವರದಲ್ಲಿ ವಿಚಾರಿಸಿದರೆ ಎಲ್ಲರೂ ನಿಮ್ಮ ಹೆಸರನ್ನೇ ಹೇಳಿದರು. ನಿಮ್ಮೂರು ನಿಡೋಣಿಗೆ ಬಂದೆ. ನಿಮ್ಮ ಕಟ್ಟೆಯ ಮೇಲೆ ಐದಾರು ಹೆಣ್ಣುಮಕ್ಕಳು ಒಂದೇ ಕೌದಿಯ ಸುತ್ತ ಕುಳಿತು ಸೂಜಿ ಓಡಿಸುತ್ತಿದ್ದರು, ನಗೆಯೋ ನಗೆ. ನನ್ನನ್ನು ಕಂಡು ಒಬ್ಬಾಕೆ, "ಬರ್ರಿ ಸಾಹೇಬ್ರ, ಒಂದು ಸೂಜಿ ನಿಮಗೂ ಕೊಡ್ತೀವಿ" ಎಂದಳು. ಮಾರಲೆಂದು ಕಟ್ಟೆಯ ಮೇಲೆ ಇಟ್ಟಿದ್ದ ಕೌದಿಗಳಲ್ಲಿ ಒಂದೂ ನನಗೆ ಹಿಡಿಸಲಿಲ್ಲ. ಆಗ ನೀವು ಟ್ರಂಕಿನಿಂದ ಇದನ್ನು ತೆಗೆದಿರಿ. ಮಾರಲು ಅಲ್ಲ, ನಿಮ್ಮ ಕೈಯ ಹೊಲಿಗೆ ತೋರಿಸಲು. ತೀರಿಹೋದ ನಿಮ್ಮ ಅವ್ವನ ಇಳಕಲ್ ಸೀರೆಗಳನ್ನು ಕತ್ತರಿಸಿ, ಮಗಳು ಶಾಂತಾಳ ಚೊಚ್ಚಲ ಬಾಣಂತನಕ್ಕೆಂದು ಹೊಲಿದದ್ದು. ನಾಲ್ಕನೆಯ ಮೂಲೆ ಮಾತ್ರ ಬಿಚ್ಚಿಕೊಂಡಿತ್ತು. ನಾನು ಖರೀದಿಯವನಲ್ಲವೇ, ಕಣ್ಣು ಮೊದಲು ಅಲ್ಲಿಗೇ ಹೋಯಿತು.

"ಅದನ್ನ ಈಗ ಹೊಲೀಬಾರದ್ರಿ. ಕೂಸು ಹುಟ್ಟಿದ ಮ್ಯಾಲ ಒಂದು ತುತ್ತು ಹೋಳಿಗಿ ಒಳಗಿಟ್ಟು ಹೊಲೀತೀನಿ. ಕೌದಿ ಉಪಾಸ ಇರಬಾರದು" ಎಂದಿರಿ.

ಮಾಲೀಕರಿಗೆ ಮಾದರಿ ತೋರಿಸಿ ಎಂಟು ದಿನದಲ್ಲಿ ತಂದುಕೊಡುತ್ತೇನೆಂದು ಕೇಳಿದೆ. ನೀವು ಬಹಳ ಹೊತ್ತು ಅದನ್ನು ಸವರುತ್ತ ಕುಳಿತಿರಿ. ಕೊನೆಗೆ ನಿಮ್ಮ ಬಾಯಲ್ಲಿ ಸಾಹೇಬ ಹೋಗಿ ತಮ್ಮನಾದೆ: "ಒಯ್ಯಿ ತಮ್ಮಾ. ನಮ್ಮವ್ವನ ಸೀರಿ ಅದಾವ, ಜ್ವಾಕಿ."

ಮಾಲೀಕರು ನೋಡಿದರು, ಮೆಚ್ಚಿದರು, ಇಂಥವೇ ಹೊಲಿಸಿ ಎಂದರು. ನಾನು ಮರುದಿನವೇ ಬಂದು ಕೊಡಬಹುದಿತ್ತು. ಆದರೆ ಅದೇ ವಾರ ತಿಕೋಟಾದಲ್ಲಿ, ಹೆಂಡತಿಯ ತವರಿನಲ್ಲಿ, ನನ್ನ ಮಗಳು ಹುಟ್ಟಿದಳು. ಎಳೆಗೂಸಿಗೆ ಥಂಡಿ ಆಗಬಾರದಲ್ಲ — ನಾಲ್ಕು ದಿನದ ಮಟ್ಟಿಗೆ ಎಂದು ಒಯ್ದೆ. ಅಂಗಡಿಯ ಹೊಸ ರಗ್ಗಿನಲ್ಲಿ ಚೀರುತ್ತಿದ್ದ ಕೂಸು ಇದರ ಮೇಲೆ ಹಾಕಿದೊಡನೆ ಸುಮ್ಮನಾಯಿತು. ನನ್ನತ್ತೆ, "ಯಾರ ಕೈಯಂದೋ ಏನೋ, ಪುಣ್ಯಾತಗಿತ್ತಿ" ಎಂದು ಕೌದಿಗೆ ಕೈ ಮುಗಿದರು. ಕೊಂಡದ್ದು ಎಂದೆ. ಮೊದಲ ಸುಳ್ಳು ಅದು.

ತಿಂಗಳ ಮೇಲೆ ನೀವು, ನಾನು ಹೇಳಿ ಕಳಿಸಿದ್ದ ಹೊಸ ಕೌದಿಗಳ ಗಂಟು ಹೊತ್ತು ಅಂಗಡಿಗೆ ಬಂದಿರಿ. ಶಾಂತಾಗೆ ದಿನ ತುಂಬಿವೆ, ಮಾದರಿ ಕೊಡು ತಮ್ಮಾ ಎಂದಿರಿ. ಆಗ ಆ ಮುಖ ಇತ್ತಲ್ಲ, ನಾನು ಕಲಿತಿದ್ದು — ಅದನ್ನೇ ಹಾಕಿಕೊಂಡೆ.

"ಗೋದಾಮಿನ್ಯಾಗ ಇಲಿ ಕಡದುಬಿಟ್ಟಾವ್ರಿ ಅಕ್ಕಾ. ತಿಪ್ಪಿಗೆ ಒಗದುಬಿಟ್ಟರು."

ನೀವು ಬೈಯುತ್ತೀರೆಂದುಕೊಂಡಿದ್ದೆ. ಬೈದಿದ್ದರೆ... ನೀವು ಕೇಳಿದ್ದು ಒಂದೇ ಮಾತು: "ಒಂದು ತುಕಡಿನೂ ಉಳದಿಲ್ಲೇನ, ತಮ್ಮಾ?"

ಇಲ್ಲ ಎಂದೆ. ಒಂದು ಹೊಸ ರಗ್ಗು ಕೊಡಹೋದೆ; ನೀವು ಅದನ್ನು ಮುಟ್ಟಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದಿರಿ. ಥೂ ನನ್ನ ಜನ್ಮಕ್ಕೆ! ಅಂದೇ ಓಡಿ ಬಂದು ಕಾಲು ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಆಮೇಲೆ ನಿಡೋಣಿಯ ಕೆಲಸವನ್ನೆಲ್ಲ ಬೇರೆಯವರಿಗೆ ವಹಿಸಿದೆ.

ಮಗಳು ಇದರ ಮೇಲೆಯೇ ಅಂಬೆಗಾಲಿಟ್ಟಳು, ಜ್ವರ ಬಂದಾಗ ಇದನ್ನೇ ಹೊದ್ದಳು, ಪರೀಕ್ಷೆಗೆ ಓದಿದ್ದೂ ಇದರ ಮೇಲೆ ಕುಳಿತೇ. ಆ ದಿನಗಳನ್ನು ನೆನೆದರೆ ಇವತ್ತಿಗೂ ಎದೆ ತುಂಬುತ್ತದೆ — ಅದರ ಹಿಂದೆಯೇ ನಿಮ್ಮ ಆ ಒಂದು ಮಾತೂ ಬರುತ್ತದೆ. ಹೆಂಡತಿ ಎಷ್ಟೋ ಸಲ ಬಿಚ್ಚಿದ ಮೂಲೆ ಹೊಲಿಯಲು ಸೂಜಿ ತಂದಳು. ಪ್ರತಿ ಸಲವೂ ಏನೋ ನೆಪ ಹೇಳಿ ತಡೆದೆ.

ಈಗ ಅದೇ ಮಗಳು ಹೆರಿಗೆಗೆ ಮನೆಗೆ ಬಂದಿದ್ದಾಳೆ. ಇಂದು ಬೆಳಿಗ್ಗೆ ಹೆಂಡತಿ ಕೌದಿಯನ್ನು ಬಿಸಿಲಿಗೆ ಹಾಕಿ ದಾರ ಪೋಣಿಸಿದಳು. "ಮೊಮ್ಮಗ ಬರೂ ಹೊತ್ತು, ಈಗರ ಹೊಲೀತೀನಿ ಬಿಡ್ರಿ."

"ಮುಟ್ಟಬ್ಯಾಡ!" ಎಂದು ಕೂಗಿಬಿಟ್ಟೆ. ತಾಯಿ ಮಗಳು ಇಬ್ಬರೂ ಬೆದರಿ ನನ್ನತ್ತ ನೋಡಿದರು. ಎಲ್ಲವನ್ನೂ ಹೇಳಿದೆ. ಹೆಂಡತಿ ದಾರ ಸುತ್ತಿಟ್ಟಳು. ಮಗಳು ಕೇಳಿದಳು: "ಅಪ್ಪಾ, ಶಾಂತಕ್ಕನ ಆ ಕೂಸು ಯಾತರ ಮ್ಯಾಲ ಮಲಗಿತ್ತು?"

ನನಗೆ ಗೊತ್ತಿಲ್ಲ, ಗೌರವ್ವಕ್ಕ.

ಮಧ್ಯಾಹ್ನ ನಿಡೋಣಿಯ ಪರಿಚಯದವರಿಗೆ ಫೋನ್ ಮಾಡಿ ಕೇಳಿದೆ. ನೀವು ಇದ್ದೀರಂತೆ, ಕಣ್ಣು ಮಂಜಾಗಿದೆಯಂತೆ, ಸೂಜಿಗೆ ದಾರ ಪೋಣಿಸಿಕೊಡುವವಳು ಶಾಂತಾಳ ಚೊಚ್ಚಲ ಮಗಳಂತೆ. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ನಿಮ್ಮೆದುರು ನನ್ನ ನಾಲಗೆ ಹೊರಳದು ಎಂದೇ ಇದನ್ನು ಬರೆದಿದ್ದೇನೆ. ಅವಳೇ ಓದಿ ಹೇಳಲಿ. ಕೌದಿ ಅವಳದು. ಕ್ಷಮಿಸಿ ಎಂದು ಕೇಳಲಾರೆ. ನೀವು ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲಿಟ್ಟು ಬರುತ್ತೇನೆ.

ಅದರ ಮೂಲೆಯನ್ನು ನಾವು ಹೊಲಿದಿಲ್ಲ. ಇಪ್ಪತ್ತೈದು ವರ್ಷ ನನ್ನ ಮಗಳನ್ನು ಬೆಚ್ಚಗಿಟ್ಟು, ಅದು ಉಪವಾಸವೇ ಇದೆ.